ಮೂಟೆಯ ಚಿತ್ರ ಹಾಕಿ, ಮುಖದ ಚಿತ್ರ ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬಂದ ಒಂದು ಚಿತ್ರದ ಬಗ್ಗೆ ಈ ಪತ್ರ. ಬಡ ಕುಟುಂಬಗಳಿಗೆ ಆಹಾರದ ಕಿಟ್ ವಿತರಿಸಿದ ಸುದ್ದಿ ಅದು. ಎಡಕ್ಕೆ ನಾಲ್ವರು ಗಣ್ಯರು, ಬಲಕ್ಕೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಒಬ್ಬ ಹೆಂಗಸು, ನಡುವೆ ಐವರ ಕೈಯೂ ತಾಗಿರುವ ಒಂದು ಚೀಲ. ಅಡಿಬರಹದಲ್ಲಿ ಗಣ್ಯರ ಹೆಸರುಗಳು ಪದವಿ ಸಮೇತ ಸಾಲಾಗಿ ಇವೆ, ಹೆಂಗಸಿನ ಹೆಸರಿಲ್ಲ. ಹೆಸರು ಬಿಟ್ಟು ಅವರ ಮರ್ಯಾದೆ ಕಾಪಾಡಿದೆವು ಎಂದು ನೀವು ಅಂದುಕೊಂಡಿರಬಹುದು. ಆದರೆ ಅವರ ಬೀದಿಯವರಿಗೆ ಹೆಸರು ಬೇಕಿಲ್ಲ, ಮುಖ ಸಾಕು. ಗುರುತು ಹಿಡಿಯಲು ಅಡಿಬರಹ ಬೇಕಾದದ್ದು ಆ ನಾಲ್ವರಿಗೇ.

ಇಂಥ ಚಿತ್ರಗಳನ್ನು ಪ್ರಕಟಿಸುವುದನ್ನು ದಯವಿಟ್ಟು ನಿಲ್ಲಿಸಿ. ಕೇಳಬೇಕಾದದ್ದು ಇಷ್ಟೇ. ಏಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಸ್ವಲ್ಪ ಜಾಗ ಕೊಡಿ.

ನಾನು ಒಂದು ಸಮುದಾಯ ಆಹಾರ ಭಂಡಾರದ ದಾಸ್ತಾನು ನೋಡಿಕೊಳ್ಳುವವಳು. ಉದ್ಯೋಗದಲ್ಲಿದ್ದಷ್ಟು ಕಾಲವೂ ಗೋದಾಮಿನ ಲೆಕ್ಕ ಬರೆದವಳು. ನಿವೃತ್ತಿಯಾದರೂ ಆ ಬುದ್ಧಿ ಬಿಡಲಿಲ್ಲ, ಸಂಬಳವಿಲ್ಲದೆ ಅದೇ ಕೆಲಸ ಮುಂದುವರಿದಿದೆ. ಭಂಡಾರ ಎಂದರೆ ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬೇಡಿ. ಒಂದು ಕೋಣೆ, ಗೋಡೆಯುದ್ದಕ್ಕೂ ಕಬ್ಬಿಣದ ರ್‍ಯಾಕುಗಳು, ತೂಕದ ಯಂತ್ರ, ಫ್ರಿಜ್, ನನ್ನ ಮೇಜು. ಹೆಚ್ಚಿನ ಕೆಲಸ ನಡೆಯುವುದು ಬಾಗಿಲು ಹಾಕಿರುವ ದಿನಗಳಲ್ಲಿ. ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ತೂಗಿ, ಒಂದೊಂದರ ತಾರೀಕು ನೋಡಿ, ಅವಧಿ ಬೇಗ ಮುಗಿಯುವುದನ್ನು ಮುಂದಕ್ಕೂ ಉಳಿದದ್ದನ್ನು ಹಿಂದಕ್ಕೂ ಜೋಡಿಸಬೇಕು. ‘ಬೆಸ್ಟ್ ಬಿಫೋರ್’ ದಾಟಿದ ಬಿಸ್ಕತ್ತು ಮೆತ್ತಗಾಗಿರಬಹುದು, ಅದರಿಂದ ಅದು ವಿಷವಾಗುವುದಿಲ್ಲ. ‘ಯೂಸ್ ಬೈ’ ದಾಟಿದ್ದರೆ ಮಾತೇ ಇಲ್ಲ, ಹೊರಗೆ. ಡಬ್ಬಿಯ ಮೈ ಸ್ವಲ್ಪ ತಗ್ಗಿದ್ದರೆ ಇಟ್ಟುಕೊಳ್ಳುತ್ತೇವೆ. ಅಂಚಿನ ಬೆಸುಗೆಯ ಮೇಲೆ ಪೆಟ್ಟು ಬಿದ್ದಿದ್ದರೆ, ಮುಚ್ಚಳ ಉಬ್ಬಿದ್ದರೆ ಇಟ್ಟುಕೊಳ್ಳುವುದಿಲ್ಲ. ಒಳಗೆ ಬಾಟ್ಯುಲಿಸಂ ಎಂಬ, ಪ್ರಾಣಕ್ಕೇ ಎರವಾಗಬಲ್ಲ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದಿರಬಹುದು, ಅದರ ವಿಷ ಮೂಗಿಗೂ ನಾಲಿಗೆಗೂ ಸಿಕ್ಕದೆ ಹೋಗಬಹುದು. ಹಸುಗೂಸುಗಳ ಹಾಲಿನ ಪುಡಿಯ ವಿಷಯದಲ್ಲಂತೂ ನಾನು ಮಹಾ ಕಟ್ಟುನಿಟ್ಟು. ಸೀಲ್ ಒಡೆದಿದ್ದರೆ ಸೇರಿಸುವುದಿಲ್ಲ, ಒಂದು ಡಬ್ಬಿಯನ್ನು ಇಬ್ಬರಿಗೆ ಸುರಿದು ಹಂಚುವುದಕ್ಕೂ ಬಿಡುವುದಿಲ್ಲ. ಒಳ್ಳೆಯ ಮನಸ್ಸಿನ ಕಾರ್ಯಕರ್ತರೊಬ್ಬರು ಹಾಗೆ ಹಂಚಲು ಹೊರಟು ನನ್ನಿಂದ ಬೈಗುಳ ತಿಂದಿದ್ದಾರೆ.

ರಾತ್ರಿ ಹತ್ತಕ್ಕೆ ಬರುವ ಫೋನ್‌ಗಳದ್ದೇ ಇನ್ನೊಂದು ಕಥೆ. ‘ಸಮಾರಂಭ ಮುಗಿಯಿತು, ಅಡುಗೆ ಉಳಿದಿದೆ, ಗಾಡಿ ಕಳಿಸಿ.’ ಮಧ್ಯಾಹ್ನದಿಂದ ಪಾತ್ರೆಯಲ್ಲೇ ಕುಳಿತ ಅಡುಗೆ ಅದು. ಬೇಯಿಸಿದ ಪದಾರ್ಥ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಉಷ್ಣತೆಯಲ್ಲಿ ಗಂಟೆಗಟ್ಟಲೆ ಇಟ್ಟದ್ದನ್ನು ತಮ್ಮ ಮನೆಯ ಮಕ್ಕಳಿಗೆ ಬಡಿಸುತ್ತೀರಾ ಎಂದು ಕೇಳಿದರೆ ಫೋನ್ ಇಟ್ಟುಬಿಡುತ್ತಾರೆ.

ಈ ಯಾವ ಕೆಲಸವೂ ಚಿತ್ರಕ್ಕೆ ಒದಗುವಂಥದ್ದಲ್ಲ, ಬಲ್ಲೆ. ಚಿತ್ರಕ್ಕೆ ಒದಗುವುದು ಕೊಡುವ ಗಳಿಗೆ ಮಾತ್ರ. ನಮ್ಮಲ್ಲಿ ಆ ಗಳಿಗೆಯನ್ನೇ ತೆಗೆದುಹಾಕಿದ್ದೇವೆ. ಯಾರೂ ಯಾರಿಗೂ ಚೀಲ ಎತ್ತಿ ಕೊಡುವುದಿಲ್ಲ. ಬಂದವರು ಬುಟ್ಟಿ ಹಿಡಿದು ರ್‍ಯಾಕುಗಳ ನಡುವೆ ನಡೆದು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳುತ್ತಾರೆ. ಪ್ರತಿ ಮನೆಗೂ ಒಂದು ಕಾರ್ಡು, ಅದರಲ್ಲಿ ಹೆಸರಿಲ್ಲ. ಒಂದು ಸಂಖ್ಯೆ, ಮನೆಯಲ್ಲಿ ಎಷ್ಟು ಜನ, ಹಾಲು ಕುಡಿಯುವ ಮಗು ಇದೆಯೇ, ಅಷ್ಟು ಮಾತ್ರ. ಯಾವ ಸಾಲಿನಿಂದ ಎಷ್ಟು ತೆಗೆದುಕೊಳ್ಳಬಹುದು ಎಂಬುದನ್ನು ಬಣ್ಣದ ಚೀಟಿ ಹೇಳುತ್ತದೆ.

ಮೊದಲು ನಾವೂ ಕಟ್ಟಿಟ್ಟ ಕಿಟ್ ಕೊಡುತ್ತಿದ್ದೆವು. ಕಿಟ್ ಹಂಚುವುದು ಸುಲಭ, ಎಣಿಸುವುದೂ ಸುಲಭ. ಆದರೆ ಸಕ್ಕರೆ ಕಾಯಿಲೆಯವರ ಮನೆಗೆ ಸಕ್ಕರೆ ಹೋಗುತ್ತಿತ್ತು, ಒಲೆಯೇ ಇಲ್ಲದವರ ಕೋಣೆಗೆ ಹಸಿ ಕಾಳು ಹೋಗುತ್ತಿತ್ತು. ಬೇಡವಾದದ್ದು ಗೇಟಿನ ಆಚೆ ಕೈ ಬದಲಾಗುತ್ತಿತ್ತು. ಅದನ್ನು ನೋಡಿದ ಕೆಲವರು ‘ನೋಡಿ, ಮಾರಿಕೊಳ್ಳುತ್ತಿದ್ದಾರೆ’ ಎಂದು ನಮಗೆ ದೂರು ತರುತ್ತಿದ್ದರು. ಆರಿಸಿಕೊಳ್ಳಲು ಬಿಟ್ಟ ಮೇಲೆ ಆ ದೂರು ನಿಂತಿತು. ಈಗ ಬರುವವರಲ್ಲಿ ಒಬ್ಬ ಹಿರಿಯರಿದ್ದಾರೆ. ಪ್ರತಿ ಪೊಟ್ಟಣವನ್ನೂ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ಉಪ್ಪಿನ ಪ್ರಮಾಣ ಓದುತ್ತಾರೆ. ಹೆಂಡತಿಗೆ ರಕ್ತದೊತ್ತಡ. ಅವರಿಂದ ಸಾಲು ನಿಧಾನವಾಗುತ್ತದೆ, ಹಿಂದಿನವರು ಗೊಣಗುತ್ತಾರೆ, ಅವರು ಓದುವುದನ್ನು ಬಿಡುವುದಿಲ್ಲ. ಹಣ ಕೊಟ್ಟು ಕೊಳ್ಳುವವರು ಅಂಗಡಿಯಲ್ಲಿ ಮಾಡುವುದನ್ನೇ ಅವರು ಇಲ್ಲಿ ಮಾಡುತ್ತಿದ್ದಾರೆ. ಕಿಟ್ ಕಾಲದಲ್ಲಿ ಅವರು ಹೇಗೆ ನಡೆಸಿದರೋ ತಿಳಿಯದು.

ಇನ್ನು ಫೋಟೋ ವಿಷಯ. ವಿತರಣೆಯ ವೇಳೆ ಫೋಟೋ ತೆಗೆಯಬಾರದೆಂಬ ನಿಯಮ ಆಗಿನ್ನೂ ನಮ್ಮಲ್ಲಿ ಬಂದಿರಲಿಲ್ಲ. ಸಾಮಗ್ರಿ ಕೊಟ್ಟ ಒಂದು ಸಂಸ್ಥೆಯವರು ಬ್ಯಾನರ್ ಸಮೇತ ಬಂದರು. ನಾನು ಮೂಲೆಯ ಮೇಜಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಾಲಿನಲ್ಲಿ ಮೊದಲಿದ್ದ ಹೆಂಗಸಿಗೆ ಚೀಲ ಕೊಟ್ಟರು, ಕ್ಯಾಮೆರಾ ಮಿನುಗಿತು. ಆಕೆ ಹೊರಡುವಷ್ಟರಲ್ಲಿ ಫೋಟೋ ತೆಗೆಯುವವನು ಕರೆದ: ‘ಅಮ್ಮಾ, ಕಣ್ಣು ಮುಚ್ಚಿಬಿಟ್ಟಿರಿ. ಚೀಲ ಒಂದು ಸಲ ವಾಪಸ್ ಕೊಡಿ, ಇನ್ನೊಮ್ಮೆ ತೆಗೆದುಕೊಳ್ಳಿ.’ ಆಕೆ ವಾಪಸ್ ಕೊಟ್ಟರು. ಇನ್ನೊಮ್ಮೆ ತೆಗೆದುಕೊಂಡರು. ‘ಸ್ವಲ್ಪ ನಗಿ’ ಎಂದಾಗ ನಕ್ಕರು ಕೂಡ. ಅವರ ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ಮಗನಿದ್ದ. ಕ್ಯಾಮೆರಾದ ಕಡೆ ಬೆನ್ನು ಮಾಡಿ ನಿಂತಿದ್ದವನನ್ನು ಯಾರೋ ಭುಜ ಹಿಡಿದು ತಿರುಗಿಸಿದರು. ಚಿತ್ರ ಒಂದು ಪತ್ರಿಕೆಯಲ್ಲಿ ಬಂತು, ಮೊಬೈಲ್‌ಗಳಲ್ಲೂ ಓಡಾಡಿತು. ಆ ಕುಟುಂಬ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ನೆರೆಮನೆಯವರಿಂದ ತಿಳಿದದ್ದು ಇಷ್ಟು: ಹುಡುಗ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದನಂತೆ, ತರಗತಿಯಲ್ಲಿ ಅವನಿಗೆ ‘ಚೀಲ’ ಎಂದು ಹೆಸರಿಟ್ಟರಂತೆ. ಮನೆಯ ಕಷ್ಟ ತೀರಿರಲಿಲ್ಲ, ಆ ಮನೆಗೆ ಹೋಗುತ್ತಿದ್ದ ಸಾಮಗ್ರಿ ಮಾತ್ರ ನಿಂತಿತು.

ಮಕ್ಕಳ ಖಾಸಗಿತನ ಕಾಪಾಡಬೇಕೆಂದು 1989ರಲ್ಲೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳಿದೆ, ಅದರ 16ನೆಯ ವಿಧಿಯಲ್ಲಿ. ತಪ್ಪು ಮಾಡಿ ಸಿಕ್ಕಿಬಿದ್ದ ಬಾಲಕನ ಮುಖವನ್ನು ಮಸುಕು ಮಾಡಿ ಹಾಕುವ ಪತ್ರಿಕೆಗಳು, ಹಸಿದ ಬಾಲಕನ ಮುಖವನ್ನು ಸ್ಪಷ್ಟವಾಗಿ ಹಾಕುವುದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ. ‘ಅವರ ಒಪ್ಪಿಗೆ ಪಡೆದಿದ್ದೇವೆ’ ಎನ್ನುವ ಉತ್ತರವನ್ನೂ ಕೇಳಿದ್ದೇನೆ. ಚೀಲ ಒಬ್ಬರ ಕೈಯಲ್ಲಿದ್ದು, ಹಸಿವು ಇನ್ನೊಬ್ಬರ ಹೊಟ್ಟೆಯಲ್ಲಿರುವಾಗ ಪಡೆದ ಒಪ್ಪಿಗೆ ಅದು. ಯಾರು ತಾನೇ ಬೇಡ ಎಂದಾರು?

ದಾನಿಗಳ ಕಡೆಯ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ. ಕೊಟ್ಟದ್ದು ತಲುಪಿತೆಂದು ಹೇಗೆ ನಂಬುವುದು ಎಂದು ಅವರು ಕೇಳುತ್ತಾರೆ. ಈ ಕ್ಷೇತ್ರದಲ್ಲಿ ನುಂಗಣ್ಣರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಗೋದಾಮಿನಲ್ಲಿ ಕೂದಲು ನರೆಸಿಕೊಂಡ ನನ್ನ ಮಾತು ಕೇಳಿ: ಫೋಟೋ ಲೆಕ್ಕವಲ್ಲ. ಒಂದೇ ಚೀಲವನ್ನು ಹತ್ತು ಜನರ ಕೈಗೆ ಕೊಟ್ಟು ಹತ್ತು ಫೋಟೋ ತೆಗೆಯಬಹುದು. ದಾಸ್ತಾನು ಪುಸ್ತಕದಲ್ಲಿ ಒಂದು ಚೀಲ ಹತ್ತಾಗುವುದಿಲ್ಲ. ಬಂದ ತೂಕ, ಹೋದ ತೂಕ, ಕೆಟ್ಟು ಎಸೆದ ತೂಕ, ಉಳಿದ ತೂಕ, ಈ ನಾಲ್ಕು ಕೂಡಬೇಕು. ಕೂಡದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಯಾವ ದಾನಿ ಬೇಕಾದರೂ ಬಂದು ಪುಸ್ತಕ ತಿರುವಿ ಹಾಕಬಹುದು, ರ್‍ಯಾಕಿನ ಮುಂದೆ ನಿಂತು ತಾಳೆ ನೋಡಬಹುದು. ವಿತರಣೆಯ ದಿನ ಮಾತ್ರ ಬೇಡ, ಬಾಗಿಲು ಹಾಕಿರುವ ದಿನ ಬನ್ನಿ ಎನ್ನುತ್ತೇವೆ. ಹಾಗೆ ಬಂದವರಲ್ಲಿ ಕೆಲವರು ಅಂಗಿಯ ತೋಳು ಮಡಚಿ ಪೆಟ್ಟಿಗೆ ಬಿಚ್ಚಲು ಕುಳಿತು, ಈಗ ನಮ್ಮ ಖಾಯಂ ಕಾರ್ಯಕರ್ತರಾಗಿದ್ದಾರೆ. ಫೋಟೋ ಇಲ್ಲದಿದ್ದರೆ ಕೊಡುವುದಿಲ್ಲ ಎಂದು ಹೊರಟುಹೋದವರೂ ಇದ್ದಾರೆ. ಅವರು ಬಿಟ್ಟದ್ದರಿಂದ ಆ ಸಲ ಎಣ್ಣೆಯ ಸಾಲು ಬರಿದಾಗಿಯೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಕೊಡುವವರ ಔದಾರ್ಯದ ಬಗ್ಗೆಯೂ ಲೆಕ್ಕದವಳಾಗಿ ಒಂದು ಮಾತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನ ಮನೆಗಳು, ಹೋಟೆಲುಗಳು, ಅಂಗಡಿಗಳು ಸೇರಿ ವ್ಯರ್ಥ ಮಾಡಿದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ನಮ್ಮ ನಿಮ್ಮಂಥವರ ಮನೆಗಳದ್ದೇ. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎನ್ನಲಾಗುವ ಸಂಸ್ಥೆಯನ್ನು 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಆರಂಭಿಸಿದ್ದು ಕೂಡ ಅಂಗಡಿಗಳು ಎಸೆಯುತ್ತಿದ್ದ ತಿನ್ನಬಹುದಾದ ಪದಾರ್ಥ ಕಂಡ ಮೇಲೆ. ಫ್ರಾನ್ಸ್ 2016ರಲ್ಲಿ ಕಾನೂನು ಮಾಡಿ, ದೊಡ್ಡ ಸೂಪರ್ ಮಾರ್ಕೆಟ್‌ಗಳು ಮಾರಾಟವಾಗದ, ತಿನ್ನಲು ಯೋಗ್ಯವಾದ ಆಹಾರವನ್ನು ಹಾಳುಮಾಡುವಂತಿಲ್ಲ ಎಂದಿತು. ನಮ್ಮ ರ್‍ಯಾಕುಗಳಿಗೂ ಬಹಳಷ್ಟು ಬರುವುದು ಹೀಗೆಯೇ: ಲೇಬಲ್ ವಕ್ರವಾದದ್ದು, ಹೊರಪೆಟ್ಟಿಗೆ ಹರಿದದ್ದು, ಅವಧಿ ಹತ್ತಿರವಾದದ್ದು. ನಾವು ಒಯ್ಯದಿದ್ದರೆ ಅದನ್ನು ಕಸಕ್ಕೆ ಸಾಗಿಸಲು ಅವರೇ ಹಣ ತೆರಬೇಕಿತ್ತು. ಬೇಡವೆನ್ನುತ್ತಿಲ್ಲ, ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತೇವೆ. ಆದರೆ ಗೋದಾಮು ಖಾಲಿಯಾದ ನೆಮ್ಮದಿ ಕೊಟ್ಟವರದ್ದು, ಕೃತಜ್ಞತೆಯ ನಗು ಮಾತ್ರ ಪಡೆದವರದ್ದು ಎಂದರೆ ಜಮೆಗೂ ಖರ್ಚಿಗೂ ತಾಳೆಯಾಗುವುದಿಲ್ಲ.

ಅನರ್ಹರು ನುಸುಳುತ್ತಾರೆ, ಆದ್ದರಿಂದ ಫೋಟೋ ಬೇಕು, ದಾಖಲೆ ಬೇಕು ಎನ್ನುವವರಿಗೆ ಚಿಕ್ಕ ಉತ್ತರ. ನುಸುಳಬಹುದು. ಎರಡು ಗಂಟೆ ಸಾಲಿನಲ್ಲಿ ನಿಂತು ಒಂದು ಚೀಲ ಹಿಟ್ಟು ಒಯ್ಯುವ ಸಿರಿವಂತರು ಸಿಕ್ಕರೆ ನನಗೂ ತೋರಿಸಿ. ನಾಚಿಕೆಯಿಂದ ಬರದೆ ಉಳಿಯುವವರ ಸಂಖ್ಯೆ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ನನ್ನ ಚಿಂತೆ ಅವರದ್ದು. ಕೆಲಸ ಕಳೆದುಕೊಂಡ ಮೊದಲ ತಿಂಗಳಲ್ಲೇ ಬಂದರೆ ಸಾಲಕ್ಕೆ ಬೀಳುವುದು ತಪ್ಪುತ್ತದೆ. ಪತ್ರಿಕೆಯಲ್ಲಿ ಮುಖ ಬಂದೀತೆಂಬ ಅಂಜಿಕೆ ಇದ್ದವರು ಪಾತ್ರೆ ಪಗಡೆ ಮಾರಿದ ಮೇಲೆ ಬರುತ್ತಾರೆ.

ಹಾಗಾದರೆ ಸುದ್ದಿಗೆ ಚಿತ್ರವೇ ಬೇಡವೇ? ಬೇಕು, ನಮಗೂ ಪ್ರಚಾರ ಬೇಕು. ತುಂಬಿದ ರ್‍ಯಾಕಿನ ಚಿತ್ರ ಹಾಕಿ, ಮೂಟೆ ಹೊರುವವರ ಚಿತ್ರ ಹಾಕಿ. ಗಣ್ಯರೇ ಬೇಕೆಂದಿದ್ದರೆ ಅವರಿಗೂ ಒಂದು ಮೂಟೆ ಹೊರಿಸಿ ತೆಗೆಯಿರಿ, ಅಭ್ಯಂತರವಿಲ್ಲ. ಚೀಲ ಹಿಡಿದ ಕೈಗಳ ಚಿತ್ರವಾದರೂ ಸರಿ, ಮುಖ ಬೇಡ, ಶಾಲೆಯ ಸಮವಸ್ತ್ರವೂ ಬೇಡ. ನೀವು ಹಾಕುವುದಿಲ್ಲವೆಂದು ಒಮ್ಮೆ ಗೊತ್ತಾದರೆ ತೆಗೆಸುವವರೂ ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ, ಏಕೆಂದರೆ ಅವರು ಪೋಸು ಕೊಡುವುದು ನಿಮ್ಮ ಪುಟಕ್ಕಾಗಿಯೇ.

ಆ ಚಿತ್ರಕ್ಕೆ ಮೀಸಲಿಟ್ಟ ಜಾಗದಲ್ಲಿ ತಿಂಗಳಿಗೊಮ್ಮೆ ‘ಭಂಡಾರಗಳಿಗೆ ಬೇಕಾಗಿದೆ’ ಎಂಬ ಚಿಕ್ಕ ಪಟ್ಟಿಯೊಂದನ್ನು ಹಾಕಲು ಸಾಧ್ಯವೇ ನೋಡಿ. ಜನ ಕೊಡಲು ಸಿದ್ಧರಿದ್ದಾರೆ, ಏನು ಕೊಡಬೇಕೆಂದು ಗೊತ್ತಿಲ್ಲದೆ ಎಲ್ಲರೂ ಅಕ್ಕಿಯನ್ನೇ ತರುತ್ತಾರೆ. ಹಬ್ಬದ ತಿಂಗಳಲ್ಲಿ ಇಡಲು ಜಾಗವಿರುವುದಿಲ್ಲ, ಆಮೇಲೆ ರ್‍ಯಾಕುಗಳು ಬಣಗುಡುತ್ತವೆ. ನಮ್ಮ ಮಟ್ಟಿಗೆ ಈ ತಿಂಗಳು ಬೇಕಾಗಿರುವುದು ಅಡುಗೆ ಎಣ್ಣೆ, ಸಕ್ಕರೆ ಬೆರೆಸದ ಹಾಲಿನ ಪುಡಿ, ಸ್ನಾನದ ಸೋಪು, ಸ್ಯಾನಿಟರಿ ಪ್ಯಾಡ್, ದೊಡ್ಡ ಅಳತೆಯ ಡಯಾಪರ್. ಹಣವಾದರೆ ಇನ್ನೂ ಒಳ್ಳೆಯದು, ಸಗಟು ದರದಲ್ಲಿ ನಾವೇ ಕೊಳ್ಳುತ್ತೇವೆ. ಪ್ರತಿಯೊಂದಕ್ಕೂ ರಸೀದಿ ಕೊಡುತ್ತೇವೆ, ತೂಕ ಬರೆದು, ಸಹಿ ಹಾಕಿ.

ಇತಿ ತಮ್ಮ ವಿಶ್ವಾಸಿ,
ಆಹಾರ ಭಂಡಾರವೊಂದರ ದಾಸ್ತಾನು ಲೆಕ್ಕದವಳು