ಬಡಗ ಭಾಷೆಯಲ್ಲಿ ಲೂಕನ ಸುವಾರ್ತೆ: ಒಂದು ಅಧ್ಯಾಯದ ಖರ್ಚು ವಹಿಸಿಕೊಳ್ಳುವಿರಾ?

ಕರ್ತನಲ್ಲಿ ಪ್ರಿಯರೇ,

ಬಾಸೆಲ್ ಮಿಶನ್ನಿನವರು 1852ರಲ್ಲಿ ಮಂಗಳೂರಿನಲ್ಲಿ ಲೂಕನ ಸುವಾರ್ತೆಯನ್ನು ನೀಲಗಿರಿಯ ಬಡಗರ ಮಾತಿನಲ್ಲಿ, ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿದರು. ಇಂದು ಅಲ್ಲಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷ್. ಹಾಗಾಗಿ 24 ಅಧ್ಯಾಯಗಳನ್ನೂ ಹೊಸದಾಗಿ ಭಾಷಾಂತರಿಸುವ ಕೆಲಸಕ್ಕೆ ನಮ್ಮ ಟ್ರಸ್ಟ್ ಕೈಹಾಕಿದೆ.

‘ಕನ್ನಡಕ್ಕೆ ಇಷ್ಟು ಹತ್ತಿರದ ಭಾಷೆ, ಅದಕ್ಕೇನು ಅಷ್ಟು ಖರ್ಚು?’ ಎಂದು ಕೇಳುವವರಿದ್ದಾರೆ. ಹತ್ತಿರವಾದದ್ದೇ ತೊಡಕು. ಕರಾವಳಿಯವರಿಗೆ ಹಟ್ಟಿ ಎಂದರೆ ದನದ ಕೊಟ್ಟಿಗೆ, ಬಡಗರಿಗೆ ಊರು. ಲೂಕ 2:7ರಲ್ಲಿ ಈ ಪದ ನುಸುಳಿದರೆ ಗೋದಲಿ ಹೋಗಿ ಊರೇ ಬಂದು ಕೂರುತ್ತದೆ. 7:5 ಇನ್ನೂ ಕಷ್ಟ. ‘ಅವನು ನಮ್ಮ ಜನರನ್ನು ಪ್ರೀತಿಸುತ್ತಾನೆ’ ಎಂದು ಯೆಹೂದ್ಯರ ಹಿರಿಯರು ಶತಾಧಿಪತಿಯ ವಿಷಯವಾಗಿ ಯೇಸುವಿಗೆ ಹೇಳುತ್ತಾರೆ. ಕನ್ನಡದಲ್ಲಿ ಒಂದೇ ‘ನಮ್ಮ’. ಬಡಗದಲ್ಲಿ, ತುಳುವಿನಲ್ಲಿರುವಂತೆ, ಕೇಳುವವನನ್ನು ಸೇರಿಸಿಕೊಂಡ ‘ನಮ್ಮ’ ಬೇರೆ, ಬಿಟ್ಟದ್ದು ಬೇರೆ. ತಪ್ಪು ರೂಪ ಹಾಕಿದರೆ ಯೇಸು ಯೆಹೂದ್ಯನೇ ಅಲ್ಲ ಎಂದಾಗುತ್ತದೆ. ಕನ್ನಡ ಸತ್ಯವೇದ ನೋಡಿಕೊಂಡು ಬರೆದವರಿಗೆ ಈ ತಪ್ಪು ಕಾಣಿಸುವುದೇ ಇಲ್ಲ.

ಆದ್ದರಿಂದ ಕರಡನ್ನು ಮೊದಲ ಸಲ ಕೇಳುವವರಿಗೆ ಓದಿ, ಕೇಳಿದ್ದನ್ನು ತಿರುಗಿ ಹೇಳಿಸುತ್ತೇವೆ. ‘ಅರ್ಥವಾಯಿತೇ?’ ಎಂದು ಕೇಳುವುದು ದಂಡ, ಎಲ್ಲರೂ ಮರ್ಯಾದೆಗೆ ತಲೆಯಾಡಿಸುತ್ತಾರೆ. ಆಮೇಲೆ ಮೂಲವನ್ನು ನೋಡದ ಇನ್ನೊಬ್ಬರು ಕರಡನ್ನು ಕನ್ನಡಕ್ಕೆ ಮರಳಿ ತರುತ್ತಾರೆ. ಸಲಹೆಗಾರರು ಅದನ್ನು ಗ್ರೀಕ್ ಪಾಠದೊಂದಿಗೆ ಹೋಲಿಸುತ್ತಾರೆ.

ಒಂದು ಅಧ್ಯಾಯಕ್ಕೆ ₹15,000 ಬೇಕು. ಇಬ್ಬರು ಭಾಷಾಂತರಕಾರರಿಗೆ ಆರು ದಿನ, ದಿನಕ್ಕೆ ₹800ರಂತೆ ₹9,600. ಎರಡು ಹಟ್ಟಿಗಳಲ್ಲಿ ನಾಲ್ಕು ನಾಲ್ಕು ಜನ ಚಹಾತೋಟದ ಕೂಲಿ ಬಿಟ್ಟು ಕೂರಬೇಕು, ತಲಾ ₹500ರಂತೆ ₹4,000. ಉಳಿದ ₹1,400 ಜೀಪಿಗೆ. 24 ಅಧ್ಯಾಯಗಳಿಗೆ ಒಟ್ಟು ₹3,60,000. ಸಲಹೆಗಾರರು ಸಂಭಾವನೆ ತೆಗೆದುಕೊಳ್ಳುವುದಿಲ್ಲ.

ಅಚ್ಚು, ಧ್ವನಿಮುದ್ರಣಕ್ಕೆ ಬೇರೆ ಮನವಿ ಕಳಿಸುತ್ತೇವೆ. ತಮಿಳು ಲಿಪಿಯಲ್ಲಿ ಪ-ಬ, ಕ-ಗ ಎರಡಕ್ಕೂ ಒಂದೇ ಅಕ್ಷರ; ‘ಬಡಗ’ ಎಂಬ ಹೆಸರನ್ನೇ ‘ಪಡಕ’ ಎಂದು ಓದಬಹುದು. ಅದಕ್ಕೇ ಕನ್ನಡ, ತಮಿಳು ಎರಡೂ ಲಿಪಿಗಳಲ್ಲಿ ಅಚ್ಚು ಹಾಕಿಸಿ, ಜೊತೆಗೆ ಧ್ವನಿಯನ್ನೂ ಕೊಡುವ ಯೋಚನೆ. ಧ್ವನಿಮುದ್ರಣ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು. ಮಳೆ ಹಿಡಿದರೆ ತಗಡಿನ ಮಾಡಿನ ಕೆಳಗೆ ಏನೂ ಕೇಳಿಸದು.

ಪೂರ್ತಿ ಅಧ್ಯಾಯ ಆಗದವರು ಒಬ್ಬ ಕೇಳುಗರ ಒಂದು ದಿನದ ₹500 ಕೊಡಬಹುದು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ವಿದೇಶಿ ಪೌರತ್ವ ಪಡೆದವರು ದಯವಿಟ್ಟು ಹಣ ಕಳಿಸಬೇಡಿ. ಚೆಕ್ಕಿನ ಹಿಂದೆ ‘ಲೂಕ’ ಎಂದೂ ನಿಮಗೆ ಬೇಕಾದ ಅಧ್ಯಾಯದ ಸಂಖ್ಯೆಯನ್ನೂ ಬರೆಯಿರಿ. 2ನೆಯ ಮತ್ತು 15ನೆಯ ಅಧ್ಯಾಯಗಳನ್ನು ಎಲ್ಲರೂ ಕೇಳುತ್ತಾರೆ, ಕೊನೆಯಲ್ಲಿ ಉದ್ದದ ವಂಶಾವಳಿ ಇರುವ 3ನೆಯದನ್ನೂ ಯಾರಾದರೂ ವಹಿಸಿಕೊಳ್ಳಿ.