‘ನಂತರ’ಕ್ಕೆ ‘ಆಫ್ಟರ್’ ಒಂದೇ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಇಂಗ್ಲಿಷಿನಿಂದ ಅನುವಾದವಾಗಿ ಬರುವ ಸುದ್ದಿಯಲ್ಲಿ ‘ಬುಧವಾರದ ಸಭೆಯನ್ನು ಎರಡು ದಿನ ಮುಂದಕ್ಕೆ ತರಲಾಗಿದೆ’ ಎಂದು ಬರೆದರೆ ಓದುಗರು ಶುಕ್ರವಾರ ಹೊರಡುತ್ತಾರೆ. ಮೂಲದಲ್ಲಿ ‘ಬ್ರಾಟ್ ಫಾರ್ವರ್ಡ್’ ಎಂದಿದ್ದರೆ ಆ ಸಭೆ ಸೋಮವಾರವೇ ಮುಗಿದಿರುತ್ತದೆ. ಒಂದು ಪದದಿಂದ ನಾಲ್ಕು ದಿನ ಆಚೀಚೆ!

ಕನ್ನಡದಲ್ಲಿ ಕಾಲದ ‘ಮುಂದೆ’ ಎಂದರೆ ಇನ್ನೂ ಬರಬೇಕಾದದ್ದು. ಹಾಗಾಗಿಯೇ ತಡ ಮಾಡುವುದನ್ನು ‘ಮುಂದೂಡು’, ‘ಮುಂದಕ್ಕೆ ಹಾಕು’ ಎನ್ನುತ್ತೇವೆ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಇದಕ್ಕೆ ತೀರಾ ಉಲ್ಟಾ. ಅಲ್ಲಿ ಕಾರ್ಯಕ್ರಮ ನಮ್ಮ ಹತ್ತಿರಕ್ಕೆ ಸರಿಯುತ್ತದೆ, ಅಂದರೆ ಬೇಗ ನಡೆಯುತ್ತದೆ. ‘ಪುಶ್ ಬ್ಯಾಕ್’ ಎಂದರೆ ತಡವಾಗುತ್ತದೆ. ಅದನ್ನು ‘ಹಿಂದಕ್ಕೆ ತಳ್ಳಲಾಗಿದೆ’ ಎಂದು ಅನುವಾದಿಸಿದರೆ ಮತ್ತೆ ಅದೇ ಎಡವಟ್ಟು. ‘ಮೂವ್ ಫಾರ್ವರ್ಡ್’ ಅಂತೂ ಇಂಗ್ಲಿಷ್ ಮನೆಮಾತಿನವರಿಗೂ ಗೊಂದಲ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದರೆ ಅದು ಯಾವ ದಿನ ಎಂದು ಕೇಳಿದಾಗ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನಿಟ್ಟು ಪ್ರಯೋಗಗಳನ್ನೂ ಮಾಡಿದ್ದಾರೆ.

ಅನುಮಾನಕ್ಕೆ ಎಡೆಯಿಲ್ಲದ ಪದ ‘ಪೋಸ್ಟ್‌ಪೋನ್’. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ಆಮೇಲೆ, ‘ಪೊನೆರೆ’ ಎಂದರೆ ಇಡುವುದು. ಅದರ ಜೊತೆಗೆ ಬರುವ ಪುಟ್ಟ ಪದವನ್ನು ಮಾತ್ರ ಗಮನಿಸಬೇಕು: ‘ಪೋಸ್ಟ್‌ಪೋನ್ಡ್ ಟು’ ಎಂದರೆ ಮುಂದೆ ಬರುವುದು ಹೊಸ ತಾರೀಖು, ‘ಪೋಸ್ಟ್‌ಪೋನ್ಡ್ ಬೈ’ ಎಂದರೆ ಎಷ್ಟು ದಿನ ತಡ ಎಂಬ ಲೆಕ್ಕ. ಭಾರತೀಯರ ಬಳಕೆಯ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ, ಅದನ್ನು ತಪ್ಪು ಎನ್ನಬೇಕಿಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಅವರಿಗೆ ಗೊತ್ತಿರುವ ‘ಬ್ರಿಂಗ್ ಫಾರ್ವರ್ಡ್’ ಬಳಸಿ, ಪಕ್ಕದಲ್ಲೇ ತಾರೀಖು ಹಾಕುವುದು ಲೇಸು.

ಇಂಗ್ಲಿಷ್ ಕಲಿಯುವವರ ತಪ್ಪುಗಳ ಬೇರು ಬೇರೆ ಕಡೆ ಇದೆ. ಕನ್ನಡದ ‘ನಂತರ’ ಎರಡು ಕೆಲಸ ಮಾಡುತ್ತದೆ. ‘ಊಟದ ನಂತರ’ ಎಂದು ಇನ್ನೊಂದು ಪದವನ್ನು ಆತುಕೊಂಡೂ ನಿಲ್ಲುತ್ತದೆ, ‘ನಂತರ ಬರುತ್ತೇನೆ’ ಎಂದು ಒಂಟಿಯಾಗಿಯೂ ನಿಲ್ಲುತ್ತದೆ. ‘ಆಫ್ಟರ್’ಗೆ ಸಾಮಾನ್ಯವಾಗಿ ಆಸರೆ ಬೇಕು. ‘ಆಫ್ಟರ್ ಲಂಚ್’ ಸರಿ, ‘ಆಫ್ಟರ್ ಐ ವಿಲ್ ಕಮ್’ ತಪ್ಪು. ಒಂಟಿಯಾಗಿ ನಿಲ್ಲಲು ‘ಲೇಟರ್’, ‘ಆಫ್ಟರ್‌ವರ್ಡ್ಸ್’, ‘ದೆನ್’ ಇವೆ. ‘ಸೂನ್ ಆಫ್ಟರ್’, ‘ದಿ ಡೇ ಆಫ್ಟರ್’ ಮುಂತಾದ ಕೆಲವು ಕಡೆ ಮಾತ್ರ ‘ಆಫ್ಟರ್’ ಕೊನೆಯಲ್ಲಿ ಬರುತ್ತದೆ.

‘ಆಫ್ಟರ್ ಯು ವಿಲ್ ಕಮ್ ಟುಮಾರೋ’ ಎಂಬ ತಪ್ಪನ್ನು ತಿದ್ದಲು ಕನ್ನಡವೇ ನೆರವಿಗೆ ಬರುತ್ತದೆ. ನಾವು ‘ನಾಳೆ ನೀವು ಬಂದ ಮೇಲೆ’ ಎನ್ನುತ್ತೇವೆಯೇ ಹೊರತು ‘ಬರುವ ಮೇಲೆ’ ಎನ್ನುವುದಿಲ್ಲ. ನಾಳೆಯ ಮಾತಾದರೂ ಅಲ್ಲಿ ಭವಿಷ್ಯದ ರೂಪ ಬರುವುದಿಲ್ಲ. ಇಂಗ್ಲಿಷೂ ಅಲ್ಲಿ ‘ವಿಲ್’ ಅನ್ನು ಬಿಡುತ್ತದೆ: ‘ಆಫ್ಟರ್ ಯು ಕಮ್’. ತಾಯ್ನುಡಿಯ ಈ ಹೋಲಿಕೆಯನ್ನು ತರಗತಿಯಲ್ಲಿ ತೋರಿಸಿದರೆ ನಿಯಮವನ್ನು ಉರು ಹೊಡೆಸುವ ಅಗತ್ಯವೇ ಇರುವುದಿಲ್ಲ.

ಇನ್ನು ಎಣಿಕೆ. ಯಾವ ಗಳಿಗೆಯಿಂದ ಎಣಿಸುತ್ತಿದ್ದೇವೆ ಎಂಬುದನ್ನು ನೋಡಿ ಇಂಗ್ಲಿಷ್ ಪದ ಬದಲಿಸುತ್ತದೆ. ಈ ಕ್ಷಣದಿಂದ ಎಣಿಸಿದರೆ ‘ಇನ್ ಟು ಡೇಸ್’. ಬೇರೊಂದು ಘಟನೆಯಿಂದ ಎಣಿಸಿದರೆ ‘ಟು ಡೇಸ್ ಲೇಟರ್’. ‘ಐ ವಿಲ್ ಕಾಲ್ ಯು ಆಫ್ಟರ್ ಟು ಡೇಸ್’ ಎಂದರೆ ಅರ್ಥವಾಗುತ್ತದೆ, ಆದರೆ ಅಲ್ಲಿ ಸಹಜವಾದದ್ದು ‘ಇನ್’. ಈ ‘ಇನ್’ ಅನ್ನು ‘ಒಳಗೆ’ ಎಂದು ತಿಳಿಯಬಾರದು. ಎರಡು ದಿನ ಕಳೆಯುವ ಹೊತ್ತಿಗೆ ಎಂದು ಅದರ ಅರ್ಥ. ‘ಒಳಗೆ’ ಎನ್ನಲು ‘ವಿದಿನ್’ ಇದೆ. ಕೊನೆಯ ದಿನಾಂಕದ ಸೂಚನೆಗಳಲ್ಲಿ ಈ ವ್ಯತ್ಯಾಸ ತಿಳಿಯದೆ ಜನ ಅರ್ಜಿ ತಡ ಮಾಡಿಕೊಳ್ಳಬಹುದು. ಇದೇ ಎಣಿಕೆ ಕಾಗದಪತ್ರಗಳಲ್ಲೂ ನಡೆಯುತ್ತದೆ. ‘ಹಿಯರ್‌ಆಫ್ಟರ್’ ಎಂದರೆ ಇನ್ನು ಮುಂದೆ, ‘ದೇರ್‌ಆಫ್ಟರ್’ ಎಂದರೆ ಅದಾದ ಮೇಲೆ. ‘ಹಿಯರ್‌ಇನ್‌ಆಫ್ಟರ್’ ಎಂದರೆ ಈ ದಾಖಲೆಯ ಮುಂದಿನ ಭಾಗದಲ್ಲಿ.

‘ನಾಳೆ’ ಮತ್ತು ‘ಮರುದಿನ’ ಬೇರೆ ಬೇರೆ ಎಂದು ಬಲ್ಲವರಿಗೆ ‘ನೆಕ್ಸ್ಟ್ ವೀಕ್’ ಮತ್ತು ‘ದಿ ನೆಕ್ಸ್ಟ್ ವೀಕ್’ ನಡುವಿನ ಅಂತರ ಕಷ್ಟವಲ್ಲ. ಮೊದಲನೆಯದು ಇವತ್ತಿನಿಂದ ನೋಡಿದ ಮುಂದಿನ ವಾರ. ಎರಡನೆಯದು ಕಥೆಯೊಳಗಿನ ಮರುವಾರ. ‘ದಿ ಫಾಲೋಯಿಂಗ್ ವೀಕ್’ ಎಂದರೂ ಅದೇ. ನಮ್ಮ ‘ನಾಡಿದ್ದು’ ಒಂದೇ ಪದ, ಇಂಗ್ಲಿಷಿನಲ್ಲಿ ಅದು ‘ದಿ ಡೇ ಆಫ್ಟರ್ ಟುಮಾರೋ’ ಎಂದು ಉದ್ದವಾಗುತ್ತದೆ. ಹಿಂದೆ ಅವರಿಗೂ ‘ಓವರ್‌ಮಾರೋ’ ಎಂಬ ಪದವಿತ್ತು. ಕಳೆದುಕೊಂಡರು, ಪಾಪ.

‘ನೆಕ್ಸ್ಟ್ ಫ್ರೈಡೇ’ ಎಂಬುದನ್ನು ತಾರೀಖಿಲ್ಲದೆ ಬರೆಯಲೇಬಾರದು. ಸೋಮವಾರ ಹೀಗೆ ಹೇಳಿದರೆ ಕೆಲವರು ಇದೇ ವಾರದ ಶುಕ್ರವಾರ ಎಂದುಕೊಳ್ಳುತ್ತಾರೆ, ಉಳಿದವರು ಅದರಾಚೆಯ ವಾರದ್ದು ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ನೆಕ್ಸ್ಟ್’ ಎಂದರೆ ‘ಎಲ್ಲಕ್ಕಿಂತ ಹತ್ತಿರದ್ದು’. ಹತ್ತಿರ ಎಂಬ ಅರ್ಥದ ‘ನೈ’ ಎಂಬ ಪದದ ತುತ್ತತುದಿಯ ರೂಪ ಅದು. ಪಕ್ಕದಲ್ಲಿ ಎನ್ನಲು ‘ನೆಕ್ಸ್ಟ್ ಟು’ ಎನ್ನುವುದರಲ್ಲಿ ಆ ಹಳೆಯ ಅರ್ಥ ಉಳಿದಿದೆ. ಆದರೆ ಹತ್ತಿರದ ಶುಕ್ರವಾರಕ್ಕೆ ‘ದಿಸ್ ಫ್ರೈಡೇ’ ಎಂಬ ಬಳಕೆ ಬೆಳೆದಾಗ ‘ನೆಕ್ಸ್ಟ್’ ಅದರಾಚೆಗೆ ಜಾರಿತು, ಆದರೆ ಎಲ್ಲರ ಬಾಯಲ್ಲೂ ಅಲ್ಲ. ‘ಮುಂದಿನ ಶುಕ್ರವಾರ’ಕ್ಕೂ ಇದೇ ಅನುಮಾನ ಅಂಟಿಕೊಂಡಿದೆ, ‘ಬರುವ ಶುಕ್ರವಾರ’ ಎಂದರೆ ತುಸು ವಾಸಿ.

‘ಲೇಟರ್’ ಮತ್ತು ‘ಲ್ಯಾಟರ್’ ಕಾಗುಣಿತದಲ್ಲಿ ಒಂದು ಅಕ್ಷರ ಬೇರೆ, ಅಷ್ಟೆ. ‘ಲ್ಯಾಟರ್’ ಎಂದರೆ ಹೇಳಿದ ಎರಡರಲ್ಲಿ ಎರಡನೆಯದು. ಮೂರು ಹೆಸರಿದ್ದರೆ ಅದು ಸಲ್ಲದು. ‘ಕನ್ಸೆಕ್ಯುಟಿವ್’ ಎಂದರೆ ನಡುವೆ ಬಿಡುವಿಲ್ಲದೆ. ‘ಮೂರು ಕನ್ಸೆಕ್ಯುಟಿವ್ ದಿನ’ ಮಾತ್ರೆ ನುಂಗಬೇಕೆಂದರೆ ಸೋಮ, ಮಂಗಳ, ಬುಧ. ಒಂದು ದಿನ ಬಿಟ್ಟರೂ ಲೆಕ್ಕ ಕೆಡುತ್ತದೆ.

‘ಆಫ್ಟರ್‌ಮ್ಯಾತ್’ನ ‘ಮ್ಯಾತ್’ಗೂ ಗಣಿತಕ್ಕೂ ನಂಟಿಲ್ಲ. ಅದು ಹುಲ್ಲು ಕೊಯ್ಯುವುದಕ್ಕಿದ್ದ ಹಳೆಯ ಪದ, ಕೊಯ್ದ ಮೇಲೆ ಮತ್ತೆ ಚಿಗುರಿದ ಹುಲ್ಲು ‘ಆಫ್ಟರ್‌ಮ್ಯಾತ್’, ನಮ್ಮ ಕೂಳೆ ಬೆಳೆಯ ಹಾಗೆ. ಈಗ ಹೆಚ್ಚಾಗಿ ಯುದ್ಧ, ಪ್ರವಾಹದಂಥ ಕೇಡಿನ ನಂತರದ ಸ್ಥಿತಿಗೆ ಸಲ್ಲುತ್ತದೆ, ಸಂತೋಷದ ಸಮಾರಂಭಕ್ಕೆ ಒಪ್ಪುವುದಿಲ್ಲ. ಮರಣೋತ್ತರ ಎಂಬ ಅರ್ಥದ ‘ಪಾಸ್ಟ್ಯುಮಸ್’ ಪದವನ್ನು ‘ಪೋಸ್ಟ್ ಹ್ಯೂಮಸ್’ ಎಂದು ಒಡೆದು ಓದುವುದೂ ತಪ್ಪು. ಕಡೆಯವನು ಎಂಬ ಲ್ಯಾಟಿನ್ ಪದಕ್ಕೆ ಮಣ್ಣು ಎಂಬರ್ಥದ ‘ಹ್ಯೂಮಸ್’ ನೆನಪಾಗಿ ‘ಎಚ್’ ಸೇರಿಕೊಂಡಿತು, ಉಚ್ಚಾರದಲ್ಲಿ ಅದು ಇಲ್ಲ.

ಕೊನೆಯದಾಗಿ ಸುದ್ದಿಮನೆಯವರಲ್ಲಿ ಒಂದು ಕಳಕಳಿಯ ಕೋರಿಕೆ. ‘ಸಬ್ಸಿಕ್ವೆಂಟ್ಲಿ’ ಎಂದರೆ ಆಮೇಲೆ, ‘ಕಾನ್ಸಿಕ್ವೆಂಟ್ಲಿ’ ಎಂದರೆ ಅದರಿಂದಾಗಿ. ಇಂಗ್ಲಿಷ್ ಶೀರ್ಷಿಕೆಯ ‘ಆಫ್ಟರ್’ ಹೇಳುವುದು ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದಷ್ಟೇ. ‘ಡೈಸ್ ಆಫ್ಟರ್ ಟೇಕಿಂಗ್ ಟ್ಯಾಬ್ಲೆಟ್’ ಎಂಬುದು ಕನ್ನಡದಲ್ಲಿ ‘ಮಾತ್ರೆ ನುಂಗಿ ಸಾವು’ ಆದಾಗ, ‘ನುಂಗಿ’ ಎಂಬ ರೂಪ ಮಾತ್ರೆಯೇ ಕೊಂದಿತು ಎಂದು ತೀರ್ಪು ಕೊಟ್ಟುಬಿಡುತ್ತದೆ. ಕಾರಣ ಇನ್ನೂ ಗೊತ್ತಾಗಿಲ್ಲದಿದ್ದಾಗ ‘ಮಾತ್ರೆ ಸೇವಿಸಿದ ಬಳಿಕ ಸಾವು: ಕಾರಣ ತಿಳಿದಿಲ್ಲ’ ಎಂದು ಬರೆಯಲು ಒಂದೆರಡು ಪದದ ಜಾಗ ಹೆಚ್ಚು ಬೇಕು. ದಯವಿಟ್ಟು ಆ ಜಾಗ ಕೊಡಿ.

ಇತಿ,
ಇಂಗ್ಲಿಷ್ ವ್ಯಾಕರಣದ ಬೋಧಕರು