ನಮ್ಮ ಬಸ್ ಇನ್ನು ರಕ್ಸೌಲ್‌ವರೆಗೆ ಮಾತ್ರ: ನೇಪಾಳ, ಭೂತಾನ್ ಯಾತ್ರಿಕರಿಗೆ ಪತ್ರ

ಮಾನ್ಯ ಯಾತ್ರಿಕರೇ,

ದೀಪಾವಳಿ ಕಳೆದ ಮೇಲೆ ಹೊರಡುವ ಕಾಶಿ–ಗಯಾ–ನೇಪಾಳ ಯಾತ್ರೆಯಿಂದ ಮೊದಲ್ಗೊಂಡು ನಮ್ಮ ಸಹಕಾರ ಸಂಘದ ಬಸ್ ದೇಶದ ಗಡಿ ದಾಟುವುದಿಲ್ಲ. ದಾವಣಗೆರೆಯಿಂದ ನಿಮ್ಮನ್ನು ಕರೆದುಕೊಂಡು ಬಂದ ಬಸ್ ಬಿಹಾರದ ಗಡಿ ಊರಾದ ರಕ್ಸೌಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆ ಕಠ್ಮಂಡು, ಪೋಖರಾ, ಮುಕ್ತಿನಾಥದವರೆಗೆ ನೇಪಾಳದ ವಾಹನ, ನೇಪಾಳದ ಚಾಲಕ, ನೇಪಾಳದ ಮಾರ್ಗದರ್ಶಿ. ಭೂತಾನ್ ಪ್ರವಾಸಕ್ಕೂ ಇದೇ ಕ್ರಮ: ಸಿಲಿಗುರಿಯಲ್ಲಿ ಹಿಡಿಯುತ್ತಿದ್ದ ಬಾಡಿಗೆ ವಾಹನ ಭೂತಾನಿನ ಗಡಿ ಊರಾದ ಫುಂಟ್‌ಶೋಲಿಂಗ್‌ನಲ್ಲಿ ನಿಲ್ಲುತ್ತದೆ, ಮುಂದೆ ಭೂತಾನಿನದೇ ವಾಹನ. ಎರಡೂ ಪ್ರವಾಸಗಳ ತಲಾ ದರ ಸ್ವಲ್ಪ ಏರುತ್ತದೆ.

ಮನೆಯಿಂದ ಹತ್ತಿದ ಬಸ್ಸಿನಲ್ಲೇ ಮನೆಗೆ ಇಳಿಯುವುದು ನಿಮ್ಮಲ್ಲಿ ಬಹಳ ಮಂದಿಗೆ ಇಷ್ಟ ಎಂಬುದು ನಮಗೆ ಗೊತ್ತು. ವಯಸ್ಸಾದವರಿಗೆ ಸಾಮಾನು ಇಳಿಸಿ ಹತ್ತಿಸುವುದೇ ದೊಡ್ಡ ಕಷ್ಟ. ಹಾಗಿದ್ದೂ ಆಡಳಿತ ಮಂಡಳಿ ಈ ತೀರ್ಮಾನಕ್ಕೆ ಬಂದುದರ ಮೊದಲ ಕಾರಣ ಪ್ರಾಣ. 2024ರ ಜುಲೈನಲ್ಲಿ ನೇಪಾಳದ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್‌ಗಳು ತ್ರಿಶೂಲಿ ನದಿಗೆ ಬಿದ್ದವು. ಮರುತಿಂಗಳೇ ಪೋಖರಾದಿಂದ ಕಠ್ಮಂಡುವಿಗೆ ಹೊರಟಿದ್ದ ಭಾರತದ ನೋಂದಣಿಯ ಬಸ್ ಮರ್ಸ್ಯಾಂಗ್ದಿ ನದಿಗೆ ಉರುಳಿ, ಮಹಾರಾಷ್ಟ್ರದ ಇಪ್ಪತ್ತಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಅವರೂ ನಿಮ್ಮಂತೆಯೇ ತೀರ್ಥಯಾತ್ರೆಗೆ ಹೋದವರು. ನಮ್ಮ ಚಾಲಕರು ನುರಿತವರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಯಲುಸೀಮೆಯ ಹೆದ್ದಾರಿಯಲ್ಲಿ ಹಗಲಿರುಳು ಓಡಿಸಿ ದಣಿದ ಚಾಲಕನನ್ನು ಕಠ್ಮಂಡು–ಪೋಖರಾ ದಾರಿಯ ಮುಗ್ಲಿಂಗ್‌ನ ತಿರುವುಗಳಿಗೆ ಕಳುಹಿಸುವುದು ಸರಿಯಲ್ಲ. ಯಾವ ಮಳೆಗೆ ಯಾವ ಗುಡ್ಡ ಜಾರುತ್ತದೆ, ಎಲ್ಲಿ ಕಾಯಬೇಕು, ಎಲ್ಲಿ ಹಿಂದಿರುಗಬೇಕು ಎಂಬುದು ಆ ದಾರಿಯಲ್ಲೇ ದಿನವೂ ಓಡಾಡುವವರಿಗೆ ತಿಳಿದಿರುತ್ತದೆ.

ಎರಡನೆಯ ಕಾರಣ ಕಾಗದಪತ್ರ. ಭಾರತ ಮತ್ತು ನೇಪಾಳದ ನಡುವೆ ಪ್ರಯಾಣಿಕ ವಾಹನಗಳ ಒಪ್ಪಂದ ಆದದ್ದು 2014ರ ನವೆಂಬರ್‌ನಲ್ಲಿ. ದೆಹಲಿ–ಕಠ್ಮಂಡು ಬಸ್ ಆಗಲೇ ಶುರುವಾಯಿತು. ಅದೇ ವಾರ ಕಠ್ಮಂಡುವಿನಲ್ಲಿ ನಡೆದ, ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್‌ನ ಶೃಂಗಸಭೆಯಲ್ಲಿ ದಕ್ಷಿಣ ಏಷ್ಯಾಕ್ಕೆಲ್ಲ ಒಂದೇ ಮೋಟಾರು ವಾಹನ ಒಪ್ಪಂದ ಮಾಡಿಕೊಳ್ಳುವ ಪ್ರಯತ್ನ ನಡೆದು, ಪಾಕಿಸ್ತಾನ ಒಪ್ಪದೆ ನಿಂತುಹೋಯಿತು. ಮರುವರ್ಷ ಜೂನ್ 15ರಂದು ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಈ ನಾಲ್ಕೇ ದೇಶಗಳು ಥಿಂಫುವಿನಲ್ಲಿ ತಮ್ಮಷ್ಟಕ್ಕೆ ಸಹಿ ಹಾಕಿದವು. ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಒಂದೇ ಪರವಾನಗಿಯಲ್ಲಿ ಕಾಶಿಯಿಂದ ಪಶುಪತಿನಾಥ, ಅಲ್ಲಿಂದ ಥಿಂಫು ಎಂದು ಲೆಕ್ಕ ಹಾಕಿದ್ದೆವು. ಆದರೆ 2016ರಲ್ಲಿ ಭೂತಾನಿನ ಮೇಲ್ಮನೆ ಆ ಒಪ್ಪಂದವನ್ನು ತಿರಸ್ಕರಿಸಿತು. ಏಳೆಂಟು ಲಕ್ಷ ಜನರ ಪರ್ವತ ದೇಶ ಹೊರಗಿನ ವಾಹನಗಳ ದಟ್ಟಣೆಗೆ ಹೆದರಿದ್ದನ್ನು ನಾವು ತಪ್ಪೆನ್ನುವುದಿಲ್ಲ. 2018ರಲ್ಲಿ ಢಾಕಾದಿಂದ ಕಠ್ಮಂಡುವಿಗೆ ಪ್ರಾಯೋಗಿಕ ಬಸ್ ಓಡಿತು. ಉಳಿದ ಮೂರು ದೇಶಗಳ ಮಾತುಕತೆ ಆಮೇಲೂ ನಡೆಯಿತು. ನಮ್ಮ ಕೈಗೆ ಸಿಗುವಂಥ ಪರವಾನಗಿ ಮಾತ್ರ ಬರಲಿಲ್ಲ. ಹೀಗಾಗಿ ಪ್ರತಿ ಯಾತ್ರೆಯಲ್ಲೂ ಗಡಿಯ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ, ಚೀಟಿ ಬರೆಸಿ ಮುಗಿಯುವ ಹೊತ್ತಿಗೆ ನಿಮ್ಮ ಅರ್ಧ ದಿನ ಬಸ್ಸಿನಲ್ಲೇ ಕಳೆದಿರುತ್ತದೆ. ಇನ್ನು ನೀವು ಗಡಿ ದಾಟುವಾಗ ರಕ್ಸೌಲ್‌ನ ಎದುರಿಗಿರುವ ನೇಪಾಳದ ಊರು ವೀರಗಂಜ್‌ನ ವಾಹನ ಆ ಬದಿಯಲ್ಲಿ ಸಿದ್ಧವಾಗಿ ನಿಂತಿರುತ್ತದೆ. ಸಾಮಾನು ಸಾಗಿಸಲು ನಮ್ಮ ಇಬ್ಬರು ಹುಡುಗರು ಜೊತೆಗಿರುತ್ತಾರೆ.

ಅಡುಗೆಯ ಬಗ್ಗೆ ಆತಂಕ ಬೇಡ. ನಮ್ಮ ಅಡುಗೆಯವರು ನೇಪಾಳದಲ್ಲೂ ನಿಮ್ಮೊಂದಿಗೇ ಇರುತ್ತಾರೆ. ಅಕ್ಕಿ, ಬೇಳೆ, ತರಕಾರಿಯನ್ನು ಮಾತ್ರ ಇಲ್ಲಿಂದ ಹೊತ್ತೊಯ್ಯದೆ ಅಲ್ಲಿನ ಪೇಟೆಯಲ್ಲೇ ಕೊಳ್ಳುತ್ತೇವೆ. ಇದು ನಾವು ಬೇಕೆಂದೇ ಮಾಡಿದ ಬದಲಾವಣೆ. ನಮ್ಮ ಬಸ್, ನಮ್ಮ ಡೀಸೆಲ್, ನಮ್ಮ ಅಕ್ಕಿ, ನಮ್ಮ ಪಾತ್ರೆ ಎಲ್ಲವನ್ನೂ ಒಯ್ದು, ಅವರ ರಸ್ತೆ ಸವೆಸಿ, ದೇವರ ಹುಂಡಿಗೆ ಒಂದಿಷ್ಟು ಹಾಕಿ ಬಂದರೆ ಆ ಊರಿನವರಿಗೆ ನಮ್ಮ ಪ್ರವಾಸದಿಂದ ಏನು ಬಂತು? ನೆರೆಹೊರೆಯ ದೇಶಗಳ ನಡುವಿನ ಆರ್ಥಿಕ ಸಹಕಾರ ಎಂದರೆ ಮಂತ್ರಿಗಳ ಸಹಿ ಮಾತ್ರವಲ್ಲ. ನಿಮ್ಮ ಯಾತ್ರೆಯ ಹಣದಲ್ಲಿ ವೀರಗಂಜ್‌ನ ಚಾಲಕನ ಮನೆಗೂ ಒಂದು ಪಾಲು ಹೋಗಬೇಕು. ಹೆಚ್ಚಿದ ದರದ ಬಹುಭಾಗ ಹೋಗುವುದು ಅಲ್ಲಿಗೇ.

ಭೂತಾನಿನ ಲೆಕ್ಕ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಭಾರತೀಯರು ಒಂದು ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಾಲ್ಕು ರಾತ್ರಿ ತಂಗಿದರೆ ಒಬ್ಬರಿಗೆ 4,800 ರೂಪಾಯಿ. ಭಾರತದ ನೋಂದಣಿಯ ವಾಹನ ಒಳಹೋದರೆ ದಿನಕ್ಕೆ 4,500 ರೂಪಾಯಿ ಬೇರೆ; ವಾಹನ ಬದಲಿಸುವುದರಿಂದ ಆ ಹೊರೆ ತಪ್ಪುತ್ತದೆ. ರಸೀದಿಯಲ್ಲಿ ಈ ಶುಲ್ಕವನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತೇವೆ, ಅದರಲ್ಲಿ ಸಂಘದ ಲಾಭ ಒಂದು ಪೈಸೆಯೂ ಇಲ್ಲ.

ದಾಖಲೆಗಳ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ನೇಪಾಳಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಹದಿನೈದಕ್ಕಿಂತ ಚಿಕ್ಕವರಿಗೂ ಅರವತ್ತೈದು ದಾಟಿದವರಿಗೂ ಮಾತ್ರ ಆಧಾರ್ ನಡೆಯುತ್ತದೆ. ನಮ್ಮ ನೂರು ರೂಪಾಯಿ ನೇಪಾಳದ 160 ರೂಪಾಯಿಗೆ ಸಮ, ಈ ದರ 1993ರಿಂದ ಬದಲಾಗಿಲ್ಲ. ಭೂತಾನಿನ ನುಲ್‌ಟ್ರಮ್ ನಮ್ಮ ರೂಪಾಯಿಗೆ ಸರಿಸಮ.

ಸಾರ್ಕ್ ಸತ್ತುಹೋಯಿತು, ಅದರ ಮಾತೇಕೆ ಎಂದು ಕೆಲವರು ಕೇಳುತ್ತೀರಿ. 2014ರ ನಂತರ ಅದರ ಶೃಂಗಸಭೆ ನಡೆದಿಲ್ಲ ಎಂಬುದು ನಿಜ. 1992ರಲ್ಲಿ ಬಂದ ಅದರ ವೀಸಾ ವಿನಾಯಿತಿ ಯೋಜನೆಯೂ ನ್ಯಾಯಾಧೀಶರು, ಸಂಸದರು, ಪತ್ರಕರ್ತರು, ಉದ್ಯಮಿಗಳಂಥ 24 ವರ್ಗಗಳಿಗೆ ಸೀಮಿತ. ಸಾಮಾನ್ಯ ಯಾತ್ರಿಕ ಅದರಲ್ಲಿಲ್ಲ. ಆದರೂ ನಾವು ಅದನ್ನು ಸತ್ತಿತೆನ್ನಲಾರೆವು. ಮುಕ್ತಿನಾಥಕ್ಕೆ ಹೋಗುವಾಗ ಅನ್ನಪೂರ್ಣಾ ಸಂರಕ್ಷಿತ ಪ್ರದೇಶದ ಪ್ರವೇಶಕ್ಕೆ ಬೇರೆ ವಿದೇಶಿಯರು 3,000 ನೇಪಾಳಿ ರೂಪಾಯಿ ಕೊಡುವಲ್ಲಿ ಸಾರ್ಕ್ ದೇಶದವರೆಂಬ ಕಾರಣಕ್ಕೆ ನಿಮಗೆ 1,000. ನಮ್ಮ ಹಂಪಿಯಲ್ಲೂ ಹೀಗೆಯೇ: ಸಾರ್ಕ್ ದೇಶಗಳ ಮತ್ತು ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟವಾದ ಬಿಮ್‌ಸ್ಟೆಕ್‌ನ ಪ್ರವಾಸಿಗರಿಗೆ ವಿದೇಶಿಯರ 600 ರೂಪಾಯಿ ಟಿಕೆಟ್ ಇಲ್ಲ, ನಮ್ಮಂತೆಯೇ 40 ರೂಪಾಯಿ. ಕಠ್ಮಂಡುವಿನ ಥಮೆಲ್‌ನಲ್ಲಿ ನೀವು ಉಳಿಯುವ ಹೋಟೆಲಿಗೆ ಸಮೀಪದಲ್ಲೇ ಸಾರ್ಕ್ ಕಾರ್ಯಾಲಯವಿದೆ. ಅದನ್ನು ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ, 1986ರ ನವೆಂಬರ್‌ನ ಶೃಂಗಸಭೆಯಲ್ಲಿ. ಮಾರ್ಗದರ್ಶಿ ಆ ಕಟ್ಟಡವನ್ನು ತೋರಿಸುತ್ತಾರೆ, ಮರೆಯದೆ ನೋಡಿ.

ವಾಹನ ಬದಲಾದುದರಿಂದ ಉಳಿಯುವ ಹೊತ್ತಿನಲ್ಲಿ ಹೊಸ ಜಾಗವೊಂದನ್ನು ಸೇರಿಸಿದ್ದೇವೆ: ವೀರಗಂಜ್‌ಗೆ ಹತ್ತಿರದ ಸಿಮ್ರೌನ್‌ಗಢ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ, ಕರ್ನಾಟ ವಂಶದವನೆಂದು ಹೆಸರಾದ ನಾನ್ಯದೇವನ ರಾಜಧಾನಿ ಅದು. ಕೋಟೆಯ ಪಳೆಯುಳಿಕೆಗಳು ಈಗಲೂ ಇವೆ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಮನೆತನಗಳವರೆಂಬುದು ನಿಮಗೆ ಗೊತ್ತೇ ಇದೆ. ಸಿಮ್ರೌನ್‌ಗಢದ ಕಥೆ ಇನ್ನೂ ಹಳೆಯದು, ಆದರೆ ಕನ್ನಡದ ಯಾತ್ರಿಕರು ಅದರ ಪಕ್ಕದಿಂದಲೇ ಹಾದುಹೋಗುತ್ತಾ ಬಂದಿದ್ದಾರೆ.

ವೀರಗಂಜ್‌ನ ವಾಹನದವರೊಂದಿಗೆ ಇನ್ನೊಂದು ಮಾತೂ ನಡೆದಿದೆ. ನಾವು ಜನರನ್ನು ಕಳುಹಿಸಿದಂತೆ ಅವರೂ ಕಳುಹಿಸಬೇಕು. ಗೋಕರ್ಣ, ಹಂಪಿ, ಶೃಂಗೇರಿ ನೋಡಬೇಕೆನ್ನುವ ನೇಪಾಳಿ ಕುಟುಂಬಗಳ ಗುಂಪು ಬಂದರೆ ದಾವಣಗೆರೆಯಿಂದಾಚೆ ನಮ್ಮ ಬಸ್, ನಮ್ಮ ಚಾಲಕ. ವ್ಯಾಪಾರ ಎರಡೂ ಕಡೆಗೆ ನಡೆದರೆ ಮಾತ್ರ ಅದು ಸಹಕಾರ ಎನ್ನಿಸಿಕೊಳ್ಳುತ್ತದೆ.

ಈಗಾಗಲೇ ಮುಂಗಡ ಕಟ್ಟಿರುವವರಿಗೆ ಹಳೆಯ ದರವೇ ಅನ್ವಯ. ವ್ಯತ್ಯಾಸವನ್ನು ಸಂಘ ಭರಿಸುತ್ತದೆ. ಒಂದೇ ಬಸ್ ಇರದಿದ್ದರೆ ಯಾತ್ರೆ ಬೇಡ ಎನ್ನುವವರು ಈ ತಿಂಗಳ ಕೊನೆಯೊಳಗೆ ತಿಳಿಸಿದರೆ ಪೂರ್ತಿ ಹಣ ಮರಳಿಸುತ್ತೇವೆ. ಮಂಡಿ ನೋವಿನವರು, ಗಾಲಿಕುರ್ಚಿ ಬೇಕಾದವರು ಕಾಯ್ದಿರಿಸುವಾಗಲೇ ಹೇಳಿ. ಗಡಿಯಲ್ಲಿ ಅವರನ್ನು ಮೊದಲು ದಾಟಿಸುತ್ತೇವೆ, ಹೊಸ ವಾಹನದಲ್ಲೂ ಮುಂದಿನ ಆಸನ ಅವರದೇ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)